ಎಂಜಿನ್ ಮೇಲಿನ ಅರಿಶಿನ

ಆ ಗಾಡಿ ನಮ್ಮ ಗ್ಯಾರೇಜಿಗೆ ಬಂದದ್ದು ಖಂಡೇನವಮಿಯ ಹಿಂದಿನ ದಿನ ಬೆಳಿಗ್ಗೆ. ಕಪ್ಪು ಬಣ್ಣದ, ಪರದೇಶದ ಕಂಪನಿಯ ದೊಡ್ಡ ಎಸ್‌ಯುವಿ. ಹೊಸದಾಗಿದ್ದಾಗ ಪುಣೆಯ ನಮ್ಮ ಸಾತಾರಾ ರಸ್ತೆಯ ಜನ ತಿರುಗಿ ನೋಡಿರಬೇಕು. ಈಗ ಬಾನೆಟ್ಟಿನ ಹೊಳಪು ಹೋಗಿ ಹಳೆಯ ಕೊಡೆಯ ಬಟ್ಟೆಯ ಹಾಗೆ ಕಾಣುತ್ತಿತ್ತು. ಗಾಡಿ ನಿಂತಿತು, ಬುಸ್ಸೆಂದು ಉಸಿರುಬಿಟ್ಟಿತು, ತಾನಾಗಿಯೇ ಮೆಲ್ಲಗೆ ಕೆಳಗೆ ಕುಗ್ಗಿತು.

"ನಾ ಕೂಡೂ ಹಂಗ ಕೂಡ್ತದಲ್ಲ ಇದು," ಎಂದೆ ನಾನು, ಬಾಗಿಲ ಬಳಿಯ ನನ್ನ ಕುರ್ಚಿಯಿಂದ.

ಓಡಿಸಿಕೊಂಡು ಬಂದ ಹೆಂಗಸು ನಗಲಿಲ್ಲ. ಇಳಿದವಳೇ ಹಿಂದಿನ ಬಾಗಿಲು ತೆಗೆದು ಒಳಗಿದ್ದ ನೀರಿನ ಕ್ಯಾನುಗಳನ್ನು ತೋರಿಸಿದಳು. "ಹಾಕಿದಷ್ಟೂ ಕುಡೀತದ್ರಿ. ಕೆಳಗ ನೋಡಿದ್ರ ಒಂದು ಹನಿ ಬಿದ್ದಿರಂಗಿಲ್ಲ. ಎರಡು ಗ್ಯಾರೇಜಿನವರು ನೋಡಿ ಕೈ ಬಿಟ್ರು."

ಗ್ಯಾರೇಜು ನಡೆಸುವವಳು ನನ್ನ ಮಗಳು. ಜೊತೆಗೆ ಒಬ್ಬ ಮಿಸ್ತ್ರಿ ಇದ್ದಾರೆ. ಮರಾಠಿಯವರು, ನಮ್ಮ ಮನೆಯ ಕನ್ನಡ ಕೇಳಿ ಕೇಳಿ ಕಲಿತು ಎರಡನ್ನೂ ಕಲಸಿ ಮಾತಾಡುತ್ತಾರೆ. ನನ್ನದು ಮೊದಲು ರೇಡಿಯೇಟರಿಗೆ ಬೆಸುಗೆ ಹಾಕುವ ಕೆಲಸ. ತಾಮ್ರದ ರೇಡಿಯೇಟರುಗಳು ಬರುವುದು ಕಡಿಮೆಯಾದ ಮೇಲೆ ಎಲ್ಲರ ಕೆಲಸದಲ್ಲೂ ಬಾಯಿ ಹಾಕುವ ಕೆಲಸ ಉಳಿದಿದೆ. ಅದನ್ನು ಮನಸ್ಸಿಟ್ಟು ಮಾಡುತ್ತೇನೆ.

ಮಗಳು ಕೇಳಿದಳು: "ಗಾಡಿ ಬಿಸಿ ಆಗಿ ನಿಂತದ್ದು ಯಾವಾಗರೆ ಆಗ್ಯಾದ?"

"ಆಗ್ಯಾದ. ಕಾತ್ರಜ್ ಘಾಟಿನ್ಯಾಗ." ನಾನು ಕುರ್ಚಿ ಎಳೆದು ಕೊಟ್ಟೆ. ಕೂರಲಿಲ್ಲ. ನಿಂತೇ ಹೇಳಿದಳು.

ಅವಳ ಗಂಡನಿಗೆ ಘಾಟಿಯ ಆಚೆಯ ಭೋರ್ ಪೇಟೆಯಲ್ಲಿ ಬಿತ್ತನೆ ಬೀಜದ ಅಂಗಡಿ. ಮನೆತನ ಬಾಗಲಕೋಟೆ ಕಡೆಯದು, ವಾಸ ಪುಣೆಯಲ್ಲಿ. ಗೋದಾಮಿನ ಅಟ್ಟದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಎದೆಯಿಂದ ಕೆಳಗೆ ದೇಹ ಕೇಳುತ್ತಿರಲಿಲ್ಲ. ಸಂತೆಯ ದಿನ ಮಾತ್ರ ಅವಳು ಅವರನ್ನು ಈ ಗಾಡಿಯಲ್ಲಿ ಕೂರಿಸಿಕೊಂಡು ಅಂಗಡಿಗೆ ಒಯ್ಯುತ್ತಿದ್ದಳು. ಗಾಡಿ ಕುಗ್ಗುವುದು ಅದಕ್ಕೇ ಬೇಕು. ಗಾಲಿಕುರ್ಚಿಯ ಎತ್ತರಕ್ಕೆ ಸೀಟು ಬರುತ್ತದೆ. ನಡುವೆ ಒಂದು ಹಲಗೆ ಇಟ್ಟರೆ ಅವಳೊಬ್ಬಳೇ ಅವರನ್ನು ಜರುಗಿಸಬಲ್ಲಳು. ಬೇರೆ ಗಾಡಿಗಳಲ್ಲಿ ಇಬ್ಬರು ಗಂಡಸರು ಎತ್ತಬೇಕು, ಹಾಗೆ ಎತ್ತಿಸಿಕೊಂಡು ಹೋಗಲು ಅವರು ಒಪ್ಪುವುದಿಲ್ಲ.

"ಅವ್ರಿಗೆ ಬೆವರು ಬರಂಗಿಲ್ರಿ," ಎಂದಳು. "ಪೆಟ್ಟಾದಾಗಿಂದ. ಬಿಸಿಲಿಗೆ ಮೈ ಕಾಯ್ತದ, ಆರೂದಿಲ್ಲ. ಘಾಟಿನ್ಯಾಗ ಮುಳ್ಳು ಕೆಂಪಕ್ಕ ಹೋತು, ಗಾಡಿ ಬಂದ್ ಮಾಡಿದೆ, ಏಸಿನೂ ಬಂದ್ ಆತು. ಕುಡಿಯೂ ನೀರೆಲ್ಲಾ ಅವ್ರ ತಲಿಗೆ ಸುರುವಿದೆ. ಮಾತಾಡೂದು ಬಿಟ್ರು, ಕಣ್ಣು ಮ್ಯಾಲ ಮಾಡಿದ್ರು. ಯಾರೋ ಲಾರಿಯವರು ನಿಂತು ನೆರಳಿಗೆ ತಾಡಪತ್ರಿ ಹಿಡಿದ್ರು ನೋಡ್ರಿ, ಅದಕ್ಕ ಉಳಿದ್ರು."

ಆಮೇಲೆ ಅವರು ಹೊರಗೆ ಹೋಗುವುದನ್ನೇ ಬಿಟ್ಟಿದ್ದರು. ಗಾಡಿ ಮಾರು, ಅಂಗಡಿಯನ್ನು ಯಾರಿಗಾದರೂ ವಹಿಸಿಬಿಡೋಣ ಎನ್ನುತ್ತಿದ್ದರು. ತನಗೆ ಹೆದರಿಕೆ ಎಂದು ಹೇಳುತ್ತಿರಲಿಲ್ಲ. ಅವತ್ತು ಇವಳ ಮುಖ ಹೇಗಾಗಿತ್ತೋ ಅದನ್ನು ಅವರು ನೋಡಿದ್ದರು, ಅದಕ್ಕಾಗಿ ಎಂದು ನನಗನ್ನಿಸಿತು.

ಎಂಜಿನ್ ತಣ್ಣಗಿಡುವ ಬಣ್ಣದ ನೀರಿಗೆ ಗ್ಯಾರೇಜಿನಲ್ಲಿ ಕೂಲಂಟ್ ಎನ್ನುತ್ತೇವೆ. ಅದು ಕಡಿಮೆಯಾಗುತ್ತಿದೆ ಎಂದರೆ ಎಲ್ಲೋ ಹೊರಗೆ ಸೋರಬೇಕು, ಇಲ್ಲವೆ ಎಂಜಿನ್ನಿನ ಹೊಟ್ಟೆಯೊಳಗೆ ಸುಟ್ಟುಹೋಗಬೇಕು. ಮಗಳು ಹೊಟ್ಟೆಯಿಂದ ಶುರುಮಾಡಿದಳು. ಟ್ಯಾಂಕಿನ ಬಾಯಿಗೆ ನೀಲಿ ದ್ರಾವಣದ ಕೊಳವೆ ಹಿಡಿದಳು. ಒಳಗೆ ಹೊಗೆ ಸೇರಿದ್ದರೆ ಅದು ಹಳದಿಗೆ ತಿರುಗುತ್ತದೆ. ನೀಲಿಯಾಗಿಯೇ ಇತ್ತು. ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದಳು. ನೀರು ಬೆರೆತಿದ್ದರೆ ಮಜ್ಜಿಗೆಯ ಹಾಗೆ ಬೆಳ್ಳಗಾಗುತ್ತದೆ, ಹಾಗೂ ಇರಲಿಲ್ಲ. ಒಳಗಿನ ಹೀಟರಿನ ಕೊಳವೆ ಒಡೆದಿದೆಯೋ ಎಂದು ಮುಂದಿನ ಕಾರ್ಪೆಟ್ಟಿನ ಕೆಳಗೆ ಕೈ ಹಾಕಿದಳು. ಒಣಗಿತ್ತು.

ಆಮೇಲೆ ಕೈಪಂಪಿನಿಂದ ಟ್ಯಾಂಕಿಗೆ ಗಾಳಿ ತುಂಬಿ ಒತ್ತಡ ಕೊಟ್ಟರು. ಎಲ್ಲೇ ತೂತಿದ್ದರೂ ಪಂಪಿನ ಮುಳ್ಳು ಇಳಿಯುತ್ತದೆ. ನಾವು ಚಹಾ ಕುಡಿದು ಬಂದರೂ ಮುಳ್ಳು ಕದಲಿರಲಿಲ್ಲ.

"ಖರೇನ ಕುಡೀತದೇನೋ, ಆಜಿ," ಎಂದರು ಮಿಸ್ತ್ರಿ.

"ಹಂಗಾದ್ರ ಸಂಜೀಗೆ ಒಂದು ಕಪ್ ಚಹಾನೂ ಕೊಡು ಅದಕ್ಕ," ಎಂದೆ.

ಹೀಗೆ ಅಡಗಿ ಕೂತ ಸೋರಿಕೆಗೆ ಒಂದು ಉಪಾಯ ಇದೆ. ಕೂಲಂಟಿಗೆ ಒಂದು ಬಗೆಯ ಬಣ್ಣ ಬೆರೆಸುತ್ತಾರೆ. ಕೆಲವು ದಿನ ಓಡಿಸಿ, ಕತ್ತಲಲ್ಲಿ ನೇರಳೆ ಟಾರ್ಚ್ ಹಿಡಿದು, ಹಳದಿ ಕನ್ನಡಕ ಹಾಕಿಕೊಂಡು ನೋಡಿದರೆ ಸೋರಿದ ಜಾಗ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ. ಮಗಳು ಬಣ್ಣ ಬೆರೆಸಿದಳು. ಮರುದಿನ ಹಬ್ಬ, ಆದ್ದರಿಂದ ಗಾಡಿ ನಮ್ಮಲ್ಲೇ ಉಳಿಯಿತು.

ಖಂಡೇನವಮಿಯ ದಿನ ಗ್ಯಾರೇಜಿನಲ್ಲಿ ಪಾನಾ, ಜ್ಯಾಕು, ವೆಲ್ಡಿಂಗ್ ಯಂತ್ರ ಎಲ್ಲಕ್ಕೂ ಪೂಜೆ. ನಿಂತ ಗಾಡಿಗಳ ಬಾನೆಟ್ಟುಗಳನ್ನು ಎತ್ತಿ ಎಂಜಿನ್ನುಗಳಿಗೂ ಅರಿಶಿನ ಕುಂಕುಮ ಹಚ್ಚುವುದು ನನ್ನ ಪಾಲಿನದು. ಬೇರೆಯವರು ಒಂದು ಬೊಟ್ಟಿಗೆ ಮುಗಿಸುತ್ತಾರೆ, ನಾನು ಹಾಗಲ್ಲ. ಆ ಗಾಡಿಯ ಮುಂದೆ ಸ್ಟೂಲು ಹತ್ತಿ ನಿಂತು, ಅರಿಶಿನ ಕಲಸಿ, ರೇಡಿಯೇಟರಿನಿಂದ ಎಂಜಿನ್ನಿಗೆ ಹೋಗುವ ಆನೆಯ ಸೊಂಡಿಲಿನಂಥ ದಪ್ಪ ಪೈಪಿಗೆ ಬಳೆ ತೊಡಿಸಿದ ಹಾಗೆ ಸುತ್ತ ಹಚ್ಚಿದೆ. ಕೈಗೆ ಸಿಕ್ಕಿದಲ್ಲೆಲ್ಲ ಹಚ್ಚಿದೆ. ವೀಳ್ಯದೆಲೆಯಿಂದ ನೀರು ಚಿಮುಕಿಸಿದೆ. ಆ ಹೆಣ್ಣುಮಗಳಿಗಾಗಿ ತುಸು ಹೆಚ್ಚೇ ಬೇಡಿಕೊಂಡೆ.

ಹಬ್ಬ ಕಳೆದ ಮೇಲೆ ಅವಳು ಗಾಡಿ ಒಯ್ದು ಊರೊಳಗೇ ಓಡಿಸಿದಳು, ಹೇಳಿದ ದಿನಕ್ಕೆ ತಂದು ನಿಲ್ಲಿಸಿದಳು. ಗ್ಯಾರೇಜಿನ ಹಿಂದಿನ ಮೂಲೆಗೆ ತಾಡಪತ್ರಿ ಇಳಿಬಿಟ್ಟು ಕತ್ತಲು ಮಾಡಿದ್ದೇವೆ. ಮಗಳು ಕನ್ನಡಕ ಹಾಕಿ ಟಾರ್ಚ್ ಹೊತ್ತಿಸಿದಳು. ಮರುಕ್ಷಣವೇ, "ಸಿಕ್ತು!" ಎಂದಳು.

ದಪ್ಪ ಪೈಪಿನ ಜೋಡಣೆಯ ಸುತ್ತ ಹಳದಿ ಹಸಿರು ಹೊಳಪು. ಅಲ್ಲಿಂದ ಕೆಳಗೆ ಇಳಿದ ಗೆರೆ. ಅಕ್ಕಪಕ್ಕದಲ್ಲೆಲ್ಲ ಚುಕ್ಕಿ ಚುಕ್ಕಿ.

"ಪಂಖಾದ ಗಾಳಿಗೆ ಹಾರ್ಯಾದ ನೋಡ," ಎಂದರು ಮಿಸ್ತ್ರಿ. "ಅದಕ್ಕ ಕೆಳಗ ಬೀಳ್ತಿರಲಿಲ್ಲ. ಪಕ್ಕಾ ಸಾಪಡಲಾ, ಸಿಕ್ಕೇ ಬಿಡ್ತು!"

ನನಗೂ ಸಮಾಧಾನವಾಯಿತು. ಪೈಪು ಹಳೆಯದು, ಅದರ ಕಂಠಕ್ಕೆ ಕಚ್ಚುವ ಪಟ್ಟಿಯೂ ಸಡಿಲಿದ್ದ ಹಾಗೆ ಕಂಡಿತು. ಹೊಸ ಪೈಪು, ಹೊಸ ಪಟ್ಟಿ ಹಾಕಿದೆವು. ಹಳೆಯದನ್ನು ಮೂಲೆಯಲ್ಲಿ ಇಟ್ಟೆವು. ಮುಂದಿನ ಸಂತೆಗೆ ಹೋಗಬಹುದು ಎಂದು ಮಗಳು ಹೇಳಿದಾಗ ಆ ಹೆಂಗಸು ಮೊದಲ ಸಲ ಕುರ್ಚಿಯಲ್ಲಿ ಕೂತಳು. ನೀರು ಕೇಳಿ ಕುಡಿದಳು.

ಸಂತೆಯ ದಿನ ಮಧ್ಯಾಹ್ನವಾಗುವ ಮೊದಲೇ ಗಾಡಿ ನಮ್ಮ ಬಾಗಿಲಲ್ಲಿ ನಿಂತಿತ್ತು. ಘಾಟಿಯ ಬುಡದಲ್ಲೇ ನೀರು ಕಡಿಮೆ ಎನ್ನುವ ದೀಪ ಹೊತ್ತಿಕೊಂಡಿತಂತೆ. ಅವಳು ತಿರುಗಿಸಿಕೊಂಡು ಬಂದಿದ್ದಳು. ಈ ಸಲ ಗಂಡನೂ ಒಳಗಿದ್ದರು. ನಾನು ಅವರನ್ನು ನೋಡಿದ್ದು ಅದೇ ಮೊದಲು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು, ಅಂಗಡಿಗೆ ಹೊರಟವರ ಸಿಂಗಾರ. ಕಿಟಕಿ ಇಳಿಸಿ ನನಗೆ ಕೈ ಮುಗಿದರು.

"ಅಜ್ಜಿ, ಈಕಿಗೆ ನೀವರೆ ಒಂದಿಷ್ಟು ತಿಳಿಸಿ ಹೇಳ್ರಿ. ಐತವಾರ ಗಿರಾಕಿ ಬರಾವ ಇದ್ದಾನ, ಕೊಟ್ಟು ಬಿಡೂಣು ಅಂತೀನಿ. ಕೇಳವಲ್ಲಳು."

ಅವಳು ಪಕ್ಕದಲ್ಲಿ ಸ್ಟೇರಿಂಗ್ ಹಿಡಿದೇ ಕೂತಿದ್ದಳು. "ಕೊಟ್ಟು?" ಎಂದಳು, ತಿರುಗದೆ. "ಕೊಟ್ಟು ಏನು ಮಾಡ್ತೀರಿ?"

"ಮನ್ಯಾಗಿರ್ತೀನಿ. ಮನಿ ಏನು ಕಚ್ತದೇನು?"

"ನಿಮಗ ಕಚ್ಚಂಗಿಲ್ಲ. ದಿನಾ ಗ್ವಾಡಿ ಕಡೆ ಮುಖ ಮಾಡಿ ಮಲಗಿದ್ದನ್ನ ನೋಡಾಕಿ ನಾ."

ಎಂಜಿನ್ ಬಂದ್ ಮಾಡಿದರೆ ಏಸಿ ನಿಲ್ಲುತ್ತದೆ, ಚಾಲೂ ಇಟ್ಟರೆ ನೀರು ಹೋಗುತ್ತದೆ. ಮಿಸ್ತ್ರಿ ಗ್ಯಾರೇಜಿನ ದೊಡ್ಡ ಪಂಖಾ ಎಳೆದು ತಂದು ಕಿಟಕಿಯ ಎದುರು ಇಟ್ಟರು. ಗಾಡಿ ಕುಗ್ಗಿತು, ಹಲಗೆ ಇಟ್ಟಳು, ಅವರು ಗಾಲಿಕುರ್ಚಿಗೆ ಬಂದರು. ನಮ್ಮ ಪಕ್ಕದ ಅಂಗಡಿಯ ತಂಪಿನಲ್ಲಿ ಅವರನ್ನು ಕೂರಿಸಿ, ಹಿಂಜವಾಡಿಯ ಆಫೀಸುಗಳಿಗೆ ಜನರನ್ನು ಒಯ್ಯುವ ಪರಿಚಯದ ಎತ್ತರದ ಟ್ಯಾಕ್ಸಿಯನ್ನು ಕರೆಸಿದೆವು. ಡ್ರೈವರೂ ಮಿಸ್ತ್ರಿಯೂ ಸೇರಿ ಎತ್ತಿ ಕೂರಿಸುವಾಗ ಅವರು ಕಣ್ಣು ಮುಚ್ಚಿಕೊಂಡಿದ್ದರು. ಅವಳು ಬೇರೆ ಕಡೆ ನೋಡುತ್ತಿದ್ದಳು.

ಗಾಡಿ ನಮ್ಮಲ್ಲೇ ಉಳಿಯಿತು. ಎಂಜಿನ್ ಆರಿದ ಮೇಲೆ ಮಗಳು ಮತ್ತೆ ಪಂಪು ಹಿಡಿದಳು. ಮುಳ್ಳು ಮತ್ತೆ ಕದಲಲಿಲ್ಲ. ಅವಳಿಗೆ ನನ್ನ ಮೇಲಲ್ಲ, ಗಾಡಿಯ ಮೇಲೆ ಸಿಟ್ಟು; ಆದರೆ ಬೈಸಿಕೊಳ್ಳುವವಳು ನಾನು. "ಅವ್ವಾ, ಸುಮ್ಮನ ಅಲ್ಲಿ ಕೂತು ಊಟಾ ಮಾಡು ಹೋಗು," ಎಂದಳು.

ತಾಡಪತ್ರಿಯ ಮೂಲೆ ತಂಪು, ಅಲ್ಲಿ ಕೂತು ಡಬ್ಬಿ ಬಿಚ್ಚಿದೆ. ಕತ್ತಲು. ಮಗಳು ಮತ್ತೆ ಹೀರೆಕಾಯಿಯನ್ನೇ ತುಂಬಿದ್ದಾಳೋ ಎಂದು ನೋಡಬೇಕಿತ್ತು. ಕೈಗೆ ಸಿಕ್ಕಿದ್ದು ನೇರಳೆ ಟಾರ್ಚು, ಹೊತ್ತಿಸಿದೆ. ಪಕ್ಕದಲ್ಲೇ ಹಳದಿ ಕನ್ನಡಕ ಇತ್ತು, ಅದನ್ನೂ ಏರಿಸಿದೆ. ಯಾರೂ ನೋಡುತ್ತಿರಲಿಲ್ಲವಲ್ಲ.

ಡಬ್ಬಿಯ ಮುಚ್ಚಳ ಹೊಳೆಯಿತು.

ಪಲ್ಯದ ಕಲೆ ಹತ್ತಿದಲ್ಲೆಲ್ಲ ಹಳದಿ ಹಸಿರು. ನನ್ನ ಬೆರಳ ತುದಿಗಳೂ ಹೊಳೆದವು. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಪೈಪಿನ ಮೇಲೆ ಬೆಳಕು ಬಿಟ್ಟೆ. ಬಳೆ ತೊಡಿಸಿದ ಹಾಗೆ ಸುತ್ತ ಒಂದೇ ಸಮ ಹೊಳೆಯುತ್ತಿತ್ತು. ನನ್ನ ಮೂರು ಬೆರಳುಗಳ ಅಗಲ. ಇಟ್ಟು ನೋಡಿದೆ, ಸರಿಹೋಯಿತು.

ಡಬ್ಬಿ ಪಕ್ಕಕ್ಕಿಟ್ಟೆ. ಆಮೇಲೆ ಮಗಳನ್ನು ಕರೆದೆ.

"ಏನವ್ವಾ ಇದು, ಕನ್ನಡಕಾ ಹಾಕ್ಕೊಂಡು ಕೂತೀದಿ?"

"ಡಬ್ಬಿ ಸೋರ್ಲಿಕತ್ತದ ನೋಡು," ಎಂದೆ.

ಅವಳು ಮುಚ್ಚಳ ನೋಡಿದಳು, ಪೈಪು ನೋಡಿದಳು, ನನ್ನ ಬೆರಳು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅರಿಶಿಣ ಹೊಳೀತದ ಅಂತ ನಂಗೂ ಗೊತ್ತಿರಲಿಲ್ಲಲ್ಲ," ಎಂದಷ್ಟೇ ಹೇಳಿ ಪೈಪನ್ನು ಕೈಯಲ್ಲಿ ತಿರುಗಿಸುತ್ತ ನಿಂತಳು. ಅದು ಒಳ್ಳೆಯ ಪೈಪು. ಎಲ್ಲೂ ಬಿರುಕಿರಲಿಲ್ಲ. ನಾವು ಪೂಜೆಯನ್ನು ರಿಪೇರಿ ಮಾಡಿ, ಒಬ್ಬ ಮನುಷ್ಯನನ್ನು ಘಾಟಿಗೆ ಕಳಿಸಿದ್ದೆವು.

ಮೊದಲು ಎಂಜಿನ್ ತೊಳೆಯಬೇಕಿತ್ತು. ಮಿಸ್ತ್ರಿ ನೀರಿನ ಪೈಪು ಹಿಡಿದು ನಿಂತವರು ಮುಂದಾಗಲಿಲ್ಲ. "ಆಜಿ, ಪೂಜೆದು ಅದ. ತಾನಾಗಿ ಹೋಗಬೇಕು. ನಾ ಹೆಂಗ ಪುಸೂ, ಹೆಂಗ ಒರಸೂದು?"

ಅವರಿಗೆ ಹೇಳಿದೆ: "ನಾ ಹಚ್ಚೇನಿ, ನಾನಽ ತೆಗೀತೀನಿ. ದೇವರಿಗೆ ಬೇಕಾದ್ರ ನನ್ನ ಕೇಳ್ಲಿ." ಸ್ಟೂಲು ಹತ್ತಿ, ಸಾಬೂನು ನೀರಿನಿಂದ ಒಂದೊಂದೇ ಬೊಟ್ಟು ಉಜ್ಜಿ ತೆಗೆದೆ. ಟಾರ್ಚ್ ಹಿಡಿದು ಉಳಿದದ್ದನ್ನು ಮಗಳು ತೋರಿಸುತ್ತ ಹೋದಳು. ಹಚ್ಚುವಾಗ ಕೈಗೆ ಸಿಕ್ಕಿದಲ್ಲೆಲ್ಲ ಹಚ್ಚಿದ್ದೆ ಎಂದೆನಲ್ಲ, ತೆಗೆಯುವಾಗ ಸೊಂಟ ಹಿಡಿಯಿತು.

ಕತ್ತಲಾದ ಎಂಜಿನ್ನಿನಲ್ಲಿ ಈಗ ಎಲ್ಲೂ ಹೊಳಪಿಲ್ಲ. ತಣ್ಣಗಿದ್ದಾಗ ಮುಳ್ಳು ಇಳಿಯದಿದ್ದರೆ ಬಿಸಿಯಾದಾಗ ಇಳಿಯಬಹುದು; ಗಾಡಿಗೆ ಜ್ವರ ಬರಿಸಬೇಕಿತ್ತು. ಅದಕ್ಕೆ ಹಿಂಜವಾಡಿಯೇ ಸರಿ ಎಂದು ಮಗಳು ಅಲ್ಲಿಯ ಆಫೀಸುಗಳು ಬಿಡುವ ಹೊತ್ತಿಗೆ ಹೋಗಿ, ಆ ಗಾಡಿಗಳ ಜಾತ್ರೆಯಲ್ಲಿ ಇಂಚಿಂಚಾಗಿ ಸರಿದು, ಎಂಜಿನ್ ಕುದಿಯುವ ಮುನ್ನ ವಾಪಸು ತಂದು ನೇರ ಜ್ಯಾಕಿಗೆ ಏರಿಸಿದಳು. ಬಿಸಿಯಿರುವಾಗಲೇ ಪಂಪು ಹಚ್ಚಿದರು. ಈ ಸಲ ಮುಳ್ಳು ನಮ್ಮ ಕಣ್ಣೆದುರೇ ಇಳಿಯಿತು.

ತಣ್ಣಗಿದ್ದಾಗ ಮುಚ್ಚಿಕೊಳ್ಳುವ, ಬಿಸಿಯಾದಾಗ ಬಾಯಿ ತೆರೆಯುವ ಬಿರುಕು. ಹೊರಗೆ ಬಂದ ನೀರು ಬಿಸಿ ಲೋಹದ ಮೇಲೆ ಬಿದ್ದು ಆವಿಯಾಗುತ್ತದೆ, ಅದಕ್ಕೇ ಹನಿ ಕಾಣುವುದಿಲ್ಲ. ಕೆಳಗಿನಿಂದ ಟಾರ್ಚ್ ಹಿಡಿದಾಗ ಎಂಜಿನ್ನೂ ಗೇರ್‌ಬಾಕ್ಸೂ ಸೇರುವಲ್ಲಿ ಕೂದಲೆಳೆಯಂಥ ಒಂದು ಹಸಿರು ಗೆರೆ ಕಂಡಿತು. ಸಣ್ಣ ಕ್ಯಾಮೆರಾ ಇರುವ ತಂತಿಯನ್ನು ಹಿಂದಿನಿಂದ ತೂರಿಸಿ ಗೆರೆಯ ಜಾಡು ಹಿಡಿದು ಮೇಲಕ್ಕೆ ಹೋದರು. ಆ ಎಂಜಿನ್ನಿನಲ್ಲಿ ಸಿಲಿಂಡರುಗಳು ಎರಡು ಸಾಲಾಗಿ ಓರೆಯಾಗಿ ನಿಂತಿರುತ್ತವೆ. ನಡುವೆ ಕಣಿವೆಯಂಥ ಜಾಗ. ಅದರೊಳಗೆ ಒಂದು ಪ್ಲಾಸ್ಟಿಕ್ ನೀರಿನ ಪೈಪು ಹಾಯುತ್ತದೆ. ಅದರ ಮೇಲೆ ಗಾಳಿ ಎಳೆದುಕೊಳ್ಳುವ ದೊಡ್ಡ ಪೆಟ್ಟಿಗೆ ಕೂತಿರುತ್ತದೆ. ಗೆರೆ ಆ ಕಣಿವೆಯಿಂದ ಇಳಿದು ಬಂದಿತ್ತು.

ಮಗಳು ಕೈ ಒರೆಸಿಕೊಂಡಳು. "ಮ್ಯಾಲಿಂದು ಎಲ್ಲಾ ಬಿಚ್ಚಬೇಕು. ಹಳೇ ಪ್ಲಾಸ್ಟಿಕ್, ಮುಟ್ಟಿದ್ರ ಒಡೀತಾವ. ಒಡದ್ರ ಗಾಡಿ ಇಲ್ಲಿಂದ ಏಳೂದಿಲ್ಲ. ಈಗರೆ ಓಡ್ತದ, ಐತವಾರ ಮಾರಿದ್ರ ಒಂದು ಬೆಲೆ ಬರ್ತದ ಅವರಿಗೆ."

ಮಿಸ್ತ್ರಿ ಸೋರಿಕೆ ನಿಲ್ಲಿಸುವ ಪುಡಿಯ ಮಾತು ಎತ್ತಿದರು. ಟ್ಯಾಂಕಿಗೆ ಸುರಿದರೆ ಬಿರುಕಿಗೆ ಹೋಗಿ ಕಚ್ಚಿಕೊಳ್ಳುತ್ತದೆ. ನನಗೆ ಅದರಲ್ಲಿ ಹೊಸದೇನಿರಲಿಲ್ಲ. ಹಿಂದೆ ಶಿರೂರು ರಸ್ತೆಯ ಲಾರಿಗಳ ತಾಮ್ರದ ರೇಡಿಯೇಟರಿಗೆ ನಾನೇ ಮುಷ್ಟಿ ಅರಿಶಿನ ಹಾಕಿ ಕಳಿಸಿದ್ದುಂಟು. ಊರು ಮುಟ್ಟುತ್ತಿದ್ದವು. ನಿಜ ಹೇಳಬೇಕೆಂದರೆ ಆ ಕ್ಷಣ ನನಗೆ ಅದೇ ಸರಿ ಎನಿಸಿತು. ಯಾವುದೂ ಒಡೆಯುವುದಿಲ್ಲ, ಒಂದಿಷ್ಟು ತಿಂಗಳು ನಡೆಯುತ್ತದೆ.

ಆದರೆ ಲಾರಿ ಘಾಟಿಯಲ್ಲಿ ನಿಂತರೆ ಡ್ರೈವರು ಇಳಿದು ನೆರಳಿಗೆ ಹೋಗುತ್ತಾನೆ. ಇವರು ಹೋಗಲಾರರು.

ನಾನೇ ಆ ಹೆಂಗಸಿಗೆ ಫೋನ್ ಮಾಡಿದೆ. ಮೊದಲು ಅರಿಶಿನದ ವಿಷಯ ಹೇಳಿದೆ. ನಾವು ಬದಲಿಸಿದ ಪೈಪು ಕೆಟ್ಟಿರಲಿಲ್ಲ ಎಂದೆ. ಆಮೇಲೆ ಸೋರಿಕೆ ಎಲ್ಲಿದೆ ಎಂದೂ, ಬಿಚ್ಚಿದರೆ ಏನಾಗಬಹುದು ಎಂದೂ ಹೇಳಿದೆ. ಅವಳು ಕೇಳಿದಳು:

"ಭೋರ್ ಕಡೆ ಲಾರಿಯವರು ರೇಡಿಯೇಟರಿಗೆ ಅರಿಶಿಣ ಹಾಕ್ತಾರಲ್ರಿ ಅಜ್ಜಿ. ಹಂಗರೆ ಮಾಡಿದ್ರ?"

"ನಾನೂ ಅದನ್ನ ವಿಚಾರ ಮಾಡಿದೆ, ಯವ್ವಾ. ಲಾರಿಗಾದ್ರ ಹಾಕ್ತಿದ್ದೆ. ನಿನ್ನ ಗಂಡನ್ನ ಕೂಡಿಸಿದ ಗಾಡಿಗೆ ಹಾಕೂದಿಲ್ಲ."

ಫೋನು ಕೈ ಬದಲಾಯಿತು. ಅವರ ದನಿ ಬಂತು. "ಬಿಚ್ಚರಿ ಅಜ್ಜಿ. ಒಡದ್ರ ಒಡೀಲಿ. ಹೆಂಗೂ ಹೋಗೂ ಗಾಡಿ." ಹಗುರವಾಗಿಯೇ ಹೇಳಿದರು. ಹಿಂದೆ ಅವಳು, "ಒಡೀಬ್ಯಾಡ್ರಿ ಅನ್ರಿ, ಒಡೀಬ್ಯಾಡ್ರಿ ಅನ್ರಿ," ಎನ್ನುವುದು ಕೇಳುತ್ತಿತ್ತು.

ಮರುದಿನ ಬೆಳಿಗ್ಗೆ ಕೂಲಂಟ್ ಇಳಿಸಿ ಬಿಚ್ಚಲು ಶುರುಮಾಡಿದೆವು. ಬೋಲ್ಟುಗಳು ಅದಲುಬದಲಾಗದಂತೆ ಮನೆಯ ಹಳೆಯ ಇಡ್ಲಿ ತಟ್ಟೆಗಳನ್ನು ತಂದು, ಒಂದೊಂದು ಭಾಗದ ಬೋಲ್ಟುಗಳನ್ನು ಒಂದೊಂದು ಗುಳಿಯಲ್ಲಿ ಇಟ್ಟೆ. ಪ್ಲಾಸ್ಟಿಕ್ ಕ್ಲಿಪ್ಪು ತೆಗೆಯುವ ಮೊದಲು ಮಗಳು ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಬಿಟ್ಟು ಮೆತ್ತಗೆ ಮಾಡುತ್ತಿದ್ದಳು. ಕ್ಲಿಪ್ಪು ಬಿಟ್ಟಾಗಲೆಲ್ಲ ಮೂವರೂ ಉಸಿರು ಬಿಡುತ್ತಿದ್ದೆವು. ಗಾಳಿ ಪೆಟ್ಟಿಗೆ ಎದ್ದಾಗ ಕಣಿವೆ ಕಂಡಿತು. ಅದರ ತಳದಲ್ಲಿ ಒಣಗಿ ಗಟ್ಟಿಯಾದ ಗುಲಾಬಿ ಬಣ್ಣದ ಕೂಲಂಟು, ಪಾಕ ಹಿಡಿದ ಪಾತ್ರೆಯ ತಳದ ಹಾಗೆ. ಮಿಸ್ತ್ರಿ ಪೈಪನ್ನು ಎರಡು ಬೆರಳಲ್ಲಿ ಹಿಡಿದರು, ಅಷ್ಟೇ. ಹಪ್ಪಳದ ಹಾಗೆ ಮುರಿಯಿತು.

ಮುರಿದದ್ದಕ್ಕೆ ದುಃಖವಿರಲಿಲ್ಲ, ಅದು ಹೋಗಬೇಕಾದದ್ದೇ. ಅದರ ಬದಲಿಗೆ ಅಲ್ಯೂಮಿನಿಯಮ್ಮಿನ ಪೈಪನ್ನು ಮಗಳು ಗೊತ್ತಿದ್ದ ವ್ಯಾಪಾರಿಯಿಂದ ತರಿಸಿದ್ದಳು. ಆದರೆ ಹಳೆಯ ಪೈಪಿನ ತುದಿ ಎಂಜಿನ್ನಿನ ತೂತಿನೊಳಗೇ ಉಳಿದುಕೊಂಡಿತು. ವರ್ಷಗಟ್ಟಲೆ ಬೆಂದು ಗೋಡೆಗೆ ಅಂಟಿದ ಪ್ಲಾಸ್ಟಿಕ್ ಉಂಗುರ. ಇಕ್ಕಳ ಹಾಕಿದರೆ ಪುಡಿಯಾಗುತ್ತದೆ. ಆ ಪುಡಿ ನೀರಿನ ದಾರಿಗೆ ಬಿದ್ದರೆ ಮುಂದೆ ಯಾವುದೋ ಸಣ್ಣ ಸಂದಿಯಲ್ಲಿ ಸಿಕ್ಕಿಕೊಂಡು ಮತ್ತೆ ಎಂಜಿನ್ನು ಬಿಸಿಯಾಗುತ್ತದೆ. ಕೆರೆದರೆ ಲೋಹಕ್ಕೆ ಗೀರು ಬಿದ್ದು ಹೊಸ ಪೈಪೂ ಸೋರುತ್ತದೆ.

ಮಧ್ಯಾಹ್ನದವರೆಗೆ ಮಗಳು ಮೊಬೈಲಿನಲ್ಲಿ ಯಾರು ಯಾರು ಹೇಗೆ ತೆಗೆದಿದ್ದಾರೆ ಎಂದು ನೋಡಿದಳು. ಒಬ್ಬ ಬೆಸುಗೆ ಸಲಾಕಿಯಿಂದ ಕರಗಿಸಿದ್ದನಂತೆ. ಅವಳು ನನ್ನ ಕಡೆ ತಿರುಗಿದಳು. "ಅವ್ವಾ, ನಿನ್ನ ಸಣ್ಣ ಸಲಾಕಿ ಎಲ್ಲ್ಯದ?"

ಸಲಾಕಿ ಕಾಯಿಸಿ ತಂದೆ. ಉಂಗುರಕ್ಕೆ ಉದ್ದಕ್ಕೆ ಗೆರೆ ಎಳೆದ ಹಾಗೆ ಸೀಳು ಮಾಡಬೇಕು, ಆದರೆ ಲೋಹ ಮುಟ್ಟಬಾರದು. ಎರಡು ಸೀಳು ಬಿದ್ದರೆ ನಡುವಿನ ತುಂಡು ಒಳಕ್ಕೆ ಬಾಗಿ ತಾನಾಗಿ ಸಡಿಲವಾಗುತ್ತದೆ. ಮೊದಲ ಸೀಳು ನಾನೇ ಹಾಕಿದೆ. ಎರಡನೆಯದಕ್ಕೆ ಕೈ ನಡುಗಿತು. ನಡುಗಲಿಲ್ಲ ಎಂದು ಬರೆಯಬಹುದಿತ್ತು, ಆದರೆ ಮಗಳು ಇದನ್ನು ಓದುತ್ತಾಳೆ. ಸಲಾಕಿಯನ್ನು ಅವಳಿಗೆ ಕೊಟ್ಟು ಪಕ್ಕದಲ್ಲಿ ಮೂಗು ಇಟ್ಟುಕೊಂಡು ನಿಂತೆ. ಪ್ಲಾಸ್ಟಿಕ್ ಕರಗುವ ವಾಸನೆ ಬೇರೆ, ಅದು ಮುಗಿದು ಲೋಹದ ಮೇಲಿನ ಪಸೆ ಸುಡುವ ವಾಸನೆ ಬೇರೆ. ಎರಡನೆಯದು ಬಂದ ಕೂಡಲೇ "ಎತ್ತು" ಎನ್ನುತ್ತಿದ್ದೆ. ಅವಳು ಎತ್ತುತ್ತಿದ್ದಳು. ಹೀಗೇ ಸುತ್ತ ಹೋದೆವು. ಮಿಸ್ತ್ರಿ ತೂತಿನ ಬಾಯಿಗೆ ಗಾಳಿ ಎಳೆಯುವ ಯಂತ್ರದ ಕೊಳವೆ ಹಿಡಿದು, ಬಿದ್ದ ಚೂರನ್ನೆಲ್ಲ ಅದು ಒಳಗೆ ಜಾರುವ ಮೊದಲೇ ಎಳೆದುಕೊಳ್ಳುತ್ತಿದ್ದರು.

ತುಂಡುಗಳನ್ನು ಬಿಳಿ ತಟ್ಟೆಯಲ್ಲಿ ಜೋಡಿಸಿದೆವು, ಒಡೆದ ಬಳೆಯನ್ನು ಕೂಡಿಸಿದ ಹಾಗೆ. ಉಂಗುರ ಪೂರ್ತಿಯಾಗಲಿಲ್ಲ. ಒಂದು ಚೂರು ಇರಲಿಲ್ಲ. ಯಂತ್ರದ ಚೀಲ ಬಿಚ್ಚಿ ಕಸವನ್ನೆಲ್ಲ ಹರಡಿ ಹುಡುಕಿದೆವು. ಕ್ಯಾಮೆರಾ ತಂತಿ ಇಳಿಸಿ ನೀರಿನ ದಾರಿಯಲ್ಲಿ ನೋಡಿದೆವು. ಮಗಳು ತಂತಿ ಹೊರಗೆಳೆದಳು. "ಒಳಗ ಹೋಗಿದ್ರ ಏನು ಹೇಳೂದವ್ವಾ ಅವರಿಗೆ?"

"ಆರಿದ ಮ್ಯಾಲ ವಿಚಾರ ಮಾಡೂಣು," ಎನ್ನುತ್ತ ಸಲಾಕಿಯನ್ನು ಅದರ ಗೂಟಕ್ಕೆ ಇಡಲು ಹೋದೆ. ತುದಿಯಲ್ಲಿ ಕಪ್ಪಗೆ ಏನೋ ಅಂಟಿತ್ತು. ಕೆರೆದು ತಟ್ಟೆಯಲ್ಲಿಟ್ಟೆ. ಉಂಗುರ ಕೂಡಿತು. ಮಿಸ್ತ್ರಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. "ಆಜಿ, ನಿಮ್ಮ ಸಲಾಕಿ ಭಾಳ ಚೋರ್ ಅದ," ಎಂದರು.

ಕಣಿವೆ ತೊಳೆದು, ಹೊಸ ಪೈಪು ಕೂರಿಸಿ, ಇಡ್ಲಿ ತಟ್ಟೆಯ ಗುಳಿಗಳನ್ನು ಒಂದೊಂದಾಗಿ ಖಾಲಿ ಮಾಡಿ, ಬಣ್ಣ ಬೆರೆಸಿದ ಕೂಲಂಟ್ ತುಂಬಿ, ಒಳಗೆ ಸಿಕ್ಕಿದ ಗಾಳಿಯನ್ನೆಲ್ಲ ಬಿಡಿಸಿದೆವು. ಬಿಸಿಯಿರುವಾಗ ಪಂಪು ಹಚ್ಚಿದೆವು. ಮುಳ್ಳು ನಿಂತಿತು. ಮತ್ತೆ ಹಿಂಜವಾಡಿಯ ಜಾತ್ರೆ. ಆಮೇಲೆ ಹಿಂದಿನ ಸೀಟಿನಲ್ಲಿ ಮರಳಿನ ಚೀಲ ಹೇರಿಕೊಂಡು ಮಗಳು ಕಾತ್ರಜ್ ಘಾಟಿ ಹತ್ತಿ ಇಳಿದಳು, ಮತ್ತೆ ಹತ್ತಿದಳು. ಟಾರ್ಚಿಗೆ ಏನೂ ಹೊಳೆಯಲಿಲ್ಲ. ಈ ಸಲ ಟಾರ್ಚು ಹಿಡಿಯುವ ಮೊದಲು ಅವಳು ನನ್ನ ಕೈ ತೊಳೆಸಿದಳು.

ಗಾಡಿ ಒಯ್ಯಲು ಶನಿವಾರ ಆ ಹೆಂಗಸು ಬಂದಳು. ಎಲ್ಲ ಕೇಳಿದಳು, ಮುರಿದ ಪೈಪನ್ನು ಕೈಯಲ್ಲಿ ಹಿಡಿದು ನೋಡಿದಳು. ಐತವಾರದ ಗಿರಾಕಿಗೆ ಬರಬೇಡ ಎಂದು ಹೇಳಲು ಅವಳಿಗೆ ಇನ್ನೂ ಧೈರ್ಯ ಬಂದಿರಲಿಲ್ಲ. "ಮೊದಲೂ ಸರಿ ಆಗ್ಯಾದ ಅಂದಿದ್ರಿ," ಎಂದಳು. ಆಡಬಾರದ ಮಾತೇನಲ್ಲ ಅದು.

ನಾನೆಂದೆ: "ಗಿರಾಕಿ ಬರೂಕಿಂತ ಮೊದಲ ನಾಳೆ ಮುಂಜಾನೆ ಭೋರಿಗೆ ಹೋಗೂಣು. ನಾನೂ ಕೂಡ್ತೀನಿ ಹಿಂದ. ನಿಂತ್ರ ಮೂವರೂ ನಿಲ್ಲೂಣು."

ಹಾಗೆ ಹೊರಟೆವು. ಗಂಡ ಹೆಂಡತಿ ಮುಂದೆ, ನಾನು ಅವರ ಹಿಂದೆ. ಮಗಳೂ ಮಿಸ್ತ್ರಿಯೂ ಇನ್ನೊಂದು ಗಾಡಿಯಲ್ಲಿ ನಮ್ಮ ಬೆನ್ನಿಗೆ. ನನಗೆ ತಾಪದ ಮುಳ್ಳು ಕಾಣಲೆಂದು ಓಡಿಸುತ್ತಿದ್ದವಳ ಭುಜದ ಮೇಲಿನಿಂದ ಕತ್ತು ಚಾಚಿಕೊಂಡೇ ಕೂತಿದ್ದೆ. ಘಾಟಿ ಶುರುವಾಯಿತು. ಗೇರು ಇಳಿಯಿತು, ಎಂಜಿನ್ನಿನ ದನಿ ಭಾರವಾಯಿತು. ಒಂದು ತಿರುವಿನಲ್ಲಿ ಅವರು, "ಇಲ್ಲೇ ಅಲ್ಲ?" ಎಂದರು.

"ಹೂಂ," ಎಂದಳು.

"ನಿಲ್ಲಸು."

"ಬ್ಯಾಡ್ರಿ."

"ನಿಲ್ಲಸು, ನೋಡೂಣು."

ಅವಳು ಪಕ್ಕಕ್ಕೆ ತೆಗೆದು ನಿಲ್ಲಿಸಿದಳು, ಎಂಜಿನ್ ಬಂದ್ ಮಾಡಲಿಲ್ಲ. ಹಿಂದಿನ ಗಾಡಿಯೂ ನಿಂತಿತು. ಅವರು ಕಿಟಕಿಯ ಆಚೆ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಕಲ್ಲಿನ ತಡೆಗೋಡೆ, ಕುರುಚಲು ಹುಲ್ಲು, ಬಿಸಿಲು. ಮುಳ್ಳು ನಡುವಿನಲ್ಲೇ ಇತ್ತು. ಏರಿನಲ್ಲಿ ನಿಂತಾಗ ಏರುತ್ತದೆ, ಈಗ ಏರುತ್ತದೆ ಎಂದು ನಾನು ಕಾದೆ. ಏರಲಿಲ್ಲ. ಅವರು ಅವಳ ಕೈ ನೋಡುತ್ತಿದ್ದರು. ಸ್ಟೇರಿಂಗ್ ಹಿಡಿದ ಬೆರಳುಗಳು ಮೆಲ್ಲಗೆ ಸಡಿಲವಾಗುವವರೆಗೂ ನೋಡಿದರು.

"ನಡಿ," ಎಂದರು.

ಭೋರ್ ಪೇಟೆಯಲ್ಲಿ ಅಂಗಡಿಯ ಮುಂದೆ ಗಾಡಿ ಕುಗ್ಗಿತು. ಹಲಗೆ ಇಟ್ಟಳು. ಅವರು ಗಾಲಿಕುರ್ಚಿಯಲ್ಲಿ ಒಳಗೆ ಹೋದ ಮೇಲೆ ಅವಳು ವಾಪಸು ಬಂದು ಸೀಟಿನಲ್ಲಿ ಕೂತ ಕೂಡಲೇ ಬಾನೆಟ್ಟು ತೆಗೆಯುವ ಹಿಡಿಗೆ ಕೈ ಹಾಕಿದಳು. "ಬಿಸಿ ಅದ, ಈಗ ತೆಗೀಬ್ಯಾಡ," ಎಂದೆ. ಕೈ ಹಿಂದೆಗೆದಳು. ಎಂಜಿನ್ ಬಂದ್ ಮಾಡಿದಳು. ಪಂಖಾ ಇನ್ನೂ ಸ್ವಲ್ಪ ಹೊತ್ತು ತಿರುಗಿ ನಿಂತಿತು. ಆಗ ಅಂಗಡಿಯ ಒಳಗಿನ ದನಿ ಕೇಳಿಸಿತು.

"ಈ ಜೋಳದ ಚೀಲಾ ಬಿಸಿಲಿಗೆ ಯಾರು ಹಚ್ಚಿದ್ರಲೇ? ಹಿಂಗಾದ್ರ ಬೀಜಾ ಮೊಳಿತಾವೇನು? ನಾ ಇಲ್ಲಂದ್ರ ಅಂಗಡಿ ಅನ್ನೂದು ಗೋದಾಮೇನು?"

ಅವಳು ನನ್ನ ಕಡೆ ತಿರುಗಿದಳು. "ಬೈಲಿಕತ್ತಾರ," ಎಂದಳು.

"ಜೋರಾಗೇ ಬೈಲಿಕತ್ತಾರ," ಎಂದೆ.

ಫೋನ್ ತೆಗೆದು ಗಿರಾಕಿಗೆ ಬರಬೇಡ ಎಂದು ಹೇಳಿದಳು. ಆಮೇಲೆ ಕಿಟಕಿ ಪೂರ್ತಿ ಇಳಿಸಿದಳು. ಇಬ್ಬರೂ ಹಾಗೇ ಕೂತು ಅವರು ಬೈಯುವುದನ್ನು ಕೇಳಿದೆವು.